ಒಳಗಿನ ಬೆಳಕನ್ನು ನಂಬುವುದು ಹೇಗೆ?

ಕ್ವೇಕರ್ ಅಂದ ಕೂಡಲೇ ನಮಗೆ ನೆನಪಾಗುವುದು ಓಟ್ಸ್ ಡಬ್ಬ. ಆ ಕಂಪನಿಗೂ ನಾನು ಇವತ್ತು ಹೇಳಹೊರಟಿರುವ ಜನರಿಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ.

ಕ್ವೇಕರರದು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥ. ದೇವರು ಈಗಲೂ ಮಾತಾಡುತ್ತಾನೆ, ಪ್ರತಿಯೊಬ್ಬರೊಳಗೂ ಅವನ ಬೆಳಕಿದೆ, ನಡುವೆ ಪಾದ್ರಿ ಬೇಕಿಲ್ಲ ಎಂದು ಜಾರ್ಜ್ ಫಾಕ್ಸ್ ಸಾರಿದರು. 1652ರಲ್ಲಿ ಅವರ ಮಾತು ಕೇಳಿದ ಮಾರ್ಗರೆಟ್ ಫೆಲ್ ಎಂಬ ಗೃಹಿಣಿ, ಇಷ್ಟು ದಿನ ಗ್ರಂಥದ ಮಾತು ಬರೀ ಬಾಯಲ್ಲಿತ್ತು, ಒಳಗಿಳಿದಿರಲಿಲ್ಲ ಎಂದು ಚರ್ಚಿನಲ್ಲಿ ಕೂತಲ್ಲೇ ಅತ್ತುಬಿಟ್ಟರು. ಮುಂದೆ ತಮ್ಮ ನಂಬಿಕೆಗಾಗಿ ಜೈಲಿಗೂ ಹೋದರು. ಹೆಂಗಸರೂ ಧರ್ಮಬೋಧನೆ ಮಾಡಬಹುದು ಎಂದು ವಾದಿಸುವ ಅವರ ಪುಸ್ತಿಕೆ 1666ರಲ್ಲಿ, ಅವರು ಜೈಲಿನಲ್ಲಿದ್ದಾಗಲೇ ಹೊರಬಂತು.

ನನಗೆ ಹಿಡಿಸಿದ್ದು ಅವರ ವಾದದ ರೀತಿ. "ನನಗೆ ಒಳಗಿನಿಂದ ಹೊಳೆಯಿತು, ನೀವು ಒಪ್ಪಿ" ಎಂದು ಅವರು ಕೂರಲಿಲ್ಲ. ಹೆಂಗಸರು ಬಾಯಿ ಮುಚ್ಚಿಕೊಂಡಿರಬೇಕು ಎಂದವರ ಮುಂದೆ ಅದೇ ಬೈಬಲ್ ತೆರೆದಿಟ್ಟರು. ಯೇಸು ಮತ್ತೆ ಎದ್ದ ಸುದ್ದಿಯನ್ನು ಶಿಷ್ಯರಿಗೆ ಮೊದಲು ತಲುಪಿಸಿದವರೇ ಹೆಂಗಸರಲ್ಲವೇ ಎಂದು ಕೇಳಿದರು. ದರ್ಶನ, ಗ್ರಂಥ, ತರ್ಕ ಮೂರೂ ಅಲ್ಲಿವೆ.

ಹತ್ತು ವರ್ಷದ ನಂತರ ರಾಬರ್ಟ್ ಬಾರ್ಕ್ಲೇ ಇದನ್ನೇ ಸಿದ್ಧಾಂತವಾಗಿ ಬರೆದರು: ನಿಜವಾದ ಒಳದರ್ಶನ ಗ್ರಂಥಕ್ಕಾಗಲಿ ಸರಿಯಾದ ವಿವೇಕಕ್ಕಾಗಲಿ ವಿರುದ್ಧವಾಗುವುದಿಲ್ಲ, ಆದರೆ ಅವುಗಳ ಅಪ್ಪಣೆಗೆ ಕಾಯಬೇಕಾಗಿಯೂ ಇಲ್ಲ.

ಹಾಗಾದರೆ ಒಳಗೆ ಕೇಳಿಸಿದ್ದು ದೇವರ ದನಿಯೋ, ನಮ್ಮ ಅಹಂಕಾರದ್ದೋ? ಗೊತ್ತುಮಾಡಿಕೊಳ್ಳಲು ಅವರು ಒಟ್ಟಿಗೆ ಮೌನವಾಗಿ ಕೂರುತ್ತಾರೆ. ನಿರ್ಧಾರಕ್ಕೆ ಮತ ಹಾಕುವುದಿಲ್ಲ, ಸಭೆಗೆಲ್ಲ ಒಂದೇ ದಾರಿ ಕಾಣುವವರೆಗೆ ಕಾಯುತ್ತಾರೆ. ನಮ್ಮಲ್ಲಿ ಕೋಡ್ ರಿವ್ಯೂ ಇದ್ದಹಾಗೆ ಅಂತ ನಾನು ಮೊದಲು ಖುಷಿಪಟ್ಟಿದ್ದೆ.

ಆದರೆ ರಿವ್ಯೂ ಮಾಡುವವರೇ ತಪ್ಪಿದರೆ? 1688ರಲ್ಲಿ ಅಮೆರಿಕದ ಜರ್ಮನ್‌ಟೌನ್‌ನಲ್ಲಿ ನಾಲ್ವರು, ಗುಲಾಮಗಿರಿ ತಪ್ಪು ಎಂದು ಬರೆದುಕೊಟ್ಟರು. ನಿಮ್ಮನ್ನೇ ಹೀಗೆ ಮಾರಿದರೆ ಒಪ್ಪುತ್ತೀರಾ ಎಂಬುದು ಅವರ ನೇರ ಪ್ರಶ್ನೆ. ಸಣ್ಣ ಸಭೆ ದೊಡ್ಡ ಸಭೆಗೆ, ಅದು ಇನ್ನೂ ದೊಡ್ಡದಕ್ಕೆ ದಾಟಿಸಿತು. ಕೊನೆಗೆ ಯಾರೂ ತೀರ್ಮಾನಿಸಲಿಲ್ಲ. ಸಭೆಯಲ್ಲೇ ಗುಲಾಮರ ಒಡೆಯರಿದ್ದರಲ್ಲ!

1738ರಲ್ಲಿ ಬೆಂಜಮಿನ್ ಲೇ ಎಂಬ ನಾಲ್ಕಡಿ ಎತ್ತರದ ಮನುಷ್ಯ ವಾರ್ಷಿಕ ಸಭೆಗೆ ಬಂದು, ಒಳಗೆ ಕೆಂಪು ಹಣ್ಣಿನ ರಸ ಅಡಗಿಸಿದ್ದ ಪುಸ್ತಕಕ್ಕೆ ಕತ್ತಿ ಚುಚ್ಚಿದ. ಒಡೆಯರ ಮೇಲೆಲ್ಲ "ರಕ್ತ" ಚಿಮ್ಮಿತು. ಅವನನ್ನು ಹೊರಹಾಕಿದರು.

1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ, ಗುಲಾಮರನ್ನು ಕೊಂಡು ಮಾರುವ ಸದಸ್ಯರ ಮೇಲೆ ಕ್ರಮಕ್ಕೆ ಒಪ್ಪಿತು. ಆ ಸುದ್ದಿ ಕೇಳಿಸಿಕೊಂಡು, ಮರುವರ್ಷ ಲೇ ತೀರಿಕೊಂಡ. ಗುಲಾಮರನ್ನು ಇಟ್ಟುಕೊಳ್ಳುವುದನ್ನೇ ಸಭೆ ನಿಷೇಧಿಸಿದ್ದು 1776ರಲ್ಲಿ.