ಬೇಲಾಪುರದ ಬುರುಜಿನಿಂದ ಕಂಡದ್ದು

(ಡೊಂಬಿವಲಿಯಲ್ಲಿ ಜರಗಿದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೊರನಾಡ ಕನ್ನಡಿಗನಿಗೂ ಅವನು ನೆಲೆಸಿದ ನೆಲಕ್ಕೂ ಇರುವ ಸಂಬಂಧವನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ನಾನು ವಿದ್ವಾಂಸನಲ್ಲ. ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಓದಿದವನು. ಆದುದರಿಂದ ಸಿದ್ಧಾಂತದ ಗೊಡವೆಗೆ ಹೋಗದೆ, ಒಂದು ಸಣ್ಣ ಗುಡ್ಡವನ್ನು ಹತ್ತಿ ಇಳಿದ ಕಥೆಯನ್ನು ತಮ್ಮ ಮುಂದಿಡುತ್ತೇನೆ.

2018ರ ಮಾರ್ಚ್ ತಿಂಗಳ ಒಂದು ಭಾನುವಾರ ನಾವು ಹದಿನಾಲ್ಕು ಮಂದಿ, ಮಕ್ಕಳೂ ಸೇರಿ, ಬೇಲಾಪುರದ ಕೋಟೆಗೆ ಹೊರಟೆವು. ಡೊಂಬಿವಲಿ, ಕಲ್ಯಾಣದವರು ಠಾಣೆಯಲ್ಲಿ ಗಾಡಿ ಬದಲಿಸಿ ಬರಬೇಕಾಗಿತ್ತು. ಏಳು ಗಂಟೆಗೆ ಹತ್ತಲು ಆರಂಭಿಸಬೇಕೆಂದು ನಿಶ್ಚಯವಾಗಿತ್ತು, ಹತ್ತತೊಡಗಿದಾಗ ಹತ್ತಾಗಿತ್ತು. ನಮ್ಮ ಸಮಯಪಾಲನೆ ತಮಗೆಲ್ಲ ತಿಳಿದದ್ದೇ.

ಪಾಮ್ ಬೀಚ್ ರಸ್ತೆ ಮುಗಿಯುವಲ್ಲಿ, ಮಹಾನಗರಪಾಲಿಕೆಯ ದೊಡ್ಡ ಕಟ್ಟಡಕ್ಕೆ ಸಮೀಪದಲ್ಲಿ ಕಿಲ್ಲೆ ಗಾವಠಾಣವಿದೆ. ಕೋಟೆಯ ಗುಡ್ಡ ಅದರ ಮಗ್ಗುಲಲ್ಲಿ. ಎತ್ತರವೇನೂ ಹೆಚ್ಚಲ್ಲ, ಸಹ್ಯಾದ್ರಿಯ ಕೋಟೆಗಳನ್ನು ಹತ್ತಿದವರು ಇದನ್ನು ಗುಡ್ಡವೆನ್ನಲೂ ಒಪ್ಪಲಾರರು. ಆದರೆ ನಾವು ಹಿಡಿದ ಕಾಲುಹಾದಿ ಕಡಿದಾಗಿತ್ತು, ನೆರಳಿಲ್ಲದ್ದಾಗಿತ್ತು. ಕಾಲಿಟ್ಟಲ್ಲಿ ಕಲ್ಲು ಜಾರುತ್ತಿತ್ತು, ಇಕ್ಕೆಲಗಳಲ್ಲಿ ಒಣಹುಲ್ಲು. ಕರಿಗಲ್ಲು ಕಾದಿತ್ತು. ಖಾಡಿಯ ತೇವದ ಗಾಳಿಯಲ್ಲಿ ಬೆವರು ಸುರಿಯುತ್ತಿತ್ತೇ ಹೊರತು ಆರುತ್ತಿರಲಿಲ್ಲ. ಅರ್ಧ ದಾರಿಗೇ ನೀರು ಮುಗಿಯಿತು. ನಮ್ಮೊಂದಿಗಿದ್ದ ಹಿರಿಯ ಮಾತೆಯೊಬ್ಬರಿಗೆ ತಲೆಸುತ್ತು ಬಂದು, ಇಬ್ಬರು ಅವರನ್ನು ಕೆಳಗೆ ಕರೆದೊಯ್ದರು. ಉಳಿದವರು ಹೇಗೋ ಬುರುಜಿನ ಬುಡವನ್ನು ತಲುಪಿದೆವು.

ಕಲ್ಲಿನ ದುಂಡು ಬುರುಜು. ಸಂದುಗಳಲ್ಲಿ ಗಿಡಗಳು ಬೇರು ಬಿಟ್ಟಿದ್ದವು. ಅಲ್ಲಿ ನಿಂತಾಗ ಅದನ್ನೇಕೆ ಕಟ್ಟಿದರೆಂಬುದು ಹೇಳದೆಯೇ ತಿಳಿಯಿತು. ಪನವೇಲ್ ಖಾಡಿಯ ಬಾಯಿ ಅದರ ಮುಂದೆಯೇ ಇದೆ. ಒಳಗೆ ಬರುವ, ಹೊರಗೆ ಹೋಗುವ ಹಾಯಿಗಳು ಈ ಕಣ್ಣನ್ನು ತಪ್ಪಿಸುವಂತಿರಲಿಲ್ಲ. 16ನೆಯ ಶತಮಾನದಲ್ಲಿ ಜಂಜೀರಾದ ಸಿದ್ದಿಗಳು ಇದನ್ನು ಕಟ್ಟಿಸಿದರೆಂಬುದು ಪ್ರಚಲಿತವಾದ ಇತಿಹಾಸ. ಅನಂತರ ಪೋರ್ತುಗೀಜರು ಬಂದರು. 1730ರ ದಶಕದಲ್ಲಿ ಮರಾಠರು ಗೆದ್ದರು. 1817ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ವಶಪಡಿಸಿಕೊಂಡಿತು. ಕಾವಲುಗಾರರು ಬದಲಾಗುತ್ತ ಹೋದರು. ಕೆಳಗೆ ಬಲೆ ಬೀಸುವ ಕೋಳಿಗಳು, ಗದ್ದೆ ಊಳುವ ಆಗ್ರಿಗಳು ಅಲ್ಲಿಯೇ ಉಳಿದರು.

ನಮ್ಮಲ್ಲೊಬ್ಬ ಹುಡುಗ ಕೇಳಿದ: “ಅಂಕಲ್, ಇದರಲ್ಲಿ ನಮ್ಮದೇನಿದೆ?”

ಇಂಥ ಪ್ರಶ್ನೆಗೆ ನಮ್ಮ ಬಳಿ ಸಿದ್ಧ ಉತ್ತರಗಳಿವೆ. ಕಾನ್ಹೇರಿಯ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳಿವೆ. ಅವನ ಸಾಮಂತರಾದ ಶಿಲಾಹಾರರ ಹೆಸರು ಅಲ್ಲಿದೆ. ಅದೇ ಶಿಲಾಹಾರರ ಕಾಲದಲ್ಲಿ, 1060ರಲ್ಲಿ, ಕಲ್ಯಾಣದ ಸಮೀಪ ಅಂಬರನಾಥದ ಶಿವಾಲಯ ಎದ್ದಿತು. 1657ರಲ್ಲಿ ಶಿವಾಜಿ ಮಹಾರಾಜರು ಗೆಲ್ಲುವವರೆಗೆ ಕಲ್ಯಾಣ, ಭಿವಂಡಿಗಳು ವಿಜಯಪುರದ ಆದಿಲಶಾಹಿಯ ಅಧೀನದಲ್ಲಿದ್ದವು. ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಇವೆಲ್ಲ ನಿಜ. ಅವನಿಗೂ ಸಂತೋಷವಾಯಿತು. ಆದರೆ ಗುಡ್ಡ ಇಳಿದ ಮೇಲೆ ನನ್ನ ಉತ್ತರ ನನಗೇ ಸಾಲದಾಯಿತು.

ಕೆಳಗೆ ಗಾವಠಾಣದ ಮನೆಯೊಂದರ ಜಗಲಿಯಲ್ಲಿ, ತಲೆಸುತ್ತು ಬಂದ ಆ ತಾಯಿಯನ್ನು ಕುಳ್ಳಿರಿಸಿ ಗಾಳಿ ಹಾಕುತ್ತಿದ್ದರು. ಮನೆಯ ಯಜಮಾನರು ಎಪ್ಪತ್ತು ದಾಟಿದವರು. ನಮಗೆಲ್ಲರಿಗೂ ತಣ್ಣೀರು ಕೊಟ್ಟು, “ತುಮಚಾ ಗಾವ ಕೋಣತಾ?” ಎಂದು ಕೇಳಿದರು. ನಾನು ರೂಢಿಯಂತೆ, “ಮಂಗಳೂರು ಕಡೆ, ಕಾಕಾ” ಎಂದೆ. “ಅದಲ್ಲ, ಈಗ ಇರುವುದೆಲ್ಲಿ?” ಎಂದರು. ನೆರೂಳ ಎಂದೆ. ಯಾವ ಭಾಗವೆಂದು ವಿಚಾರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ನನ್ನ ತಾಯಿಯ ತವರಿನವರ ಭತ್ತದ ಗದ್ದೆಯಿತ್ತು” ಎಂದರು. ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಇನ್ನೊಂದು ಲೋಟ ನೀರು ಕೊಟ್ಟರು.

ಬಂಧುಗಳೇ, ಆ ನೀರು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಏಕೆಂದರೆ ನನ್ನ ಹಿರಿಯರು ಪಣಂಬೂರಿನವರು. 1960ರ ದಶಕದಲ್ಲಿ ಅಲ್ಲಿ ಹೊಸ ಬಂದರು ಕಟ್ಟತೊಡಗಿದಾಗ ಗದ್ದೆ, ತೆಂಗು, ದೈವದ ಕಟ್ಟೆಗಳನ್ನು ಬಿಟ್ಟು ಅನೇಕ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಹೋದವು. ನಮ್ಮದೂ ಅವುಗಳಲ್ಲೊಂದು. ನಮ್ಮ ಅಂಗಳವಿದ್ದಲ್ಲಿ ಈಗ ಏನಿದೆಯೆಂದು ನನ್ನ ತಂದೆ ಸಾಯುವವರೆಗೂ ಕೇಳುತ್ತಿದ್ದರು. ಹೊಟ್ಟೆಪಾಡಿಗೆ ಮುಂಬಯಿಗೆ ಬಂದು, ಸಾಲ ಮಾಡಿ ನೆರೂಳದಲ್ಲಿ ಮನೆ ಕೊಂಡ ನಾನು, ಆ ಮನೆಯ ಬುಡದಲ್ಲಿ ಯಾರ ಅಂಗಳವಿತ್ತೆಂದು ಒಮ್ಮೆಯೂ ಕೇಳಿರಲಿಲ್ಲ.

ಉತ್ತರವೇನೂ ಗುಪ್ತವಾಗಿರಲಿಲ್ಲ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ಠಾಣೆ, ಪನವೇಲ್, ಉರಣ ತಾಲೂಕುಗಳ 95 ಹಳ್ಳಿಗಳ ನೆಲವನ್ನು ಹೊಸ ನಗರಕ್ಕೆಂದು ಗುರುತಿಸಲಾಯಿತು. 1984ರ ಜನವರಿ 16 ಮತ್ತು 17ರಂದು, ದಿ. ಬಾ. ಪಾಟೀಲರ ನೇತೃತ್ವದ ಭೂಸಂತ್ರಸ್ತರ ಹೋರಾಟದಲ್ಲಿ, ಉರಣ ತಾಲೂಕಿನಲ್ಲಿ ನಡೆದ ಗೋಲೀಬಾರಿಗೆ ಐವರು ಬಲಿಯಾದರು. ಸ್ವಾಧೀನವಾದ ನೆಲದ ಶೇಕಡ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮೂಲದವರಿಗೆ ಹಿಂದಿರುಗಿಸುವ ಯೋಜನೆಗೆ ಈ ಹೋರಾಟವೇ ಹಿನ್ನೆಲೆ. ಆ ದಿನಗಳಲ್ಲಿ ನಾನು ಮುಂಬಯಿಯಲ್ಲಿಯೇ ಇದ್ದೆ. ಪತ್ರಿಕೆಯಲ್ಲಿ ಓದಿಯೂ ಇರಬಹುದು; ಬೇರೆಯವರ ಸುದ್ದಿಯೆಂದು ಪುಟ ಮಗುಚಿರಬೇಕು.

ಅಂದು ಬುರುಜಿನ ಬಳಿ ನಿಂತಾಗ ಖಾಡಿಯ ಆಚೆ ಉಲ್ವೆಯ ಗುಡ್ಡವನ್ನು ಸಿಡಿಮದ್ದಿಟ್ಟು ಕಡಿಯುತ್ತಿದ್ದರು. ಅಲ್ಲಿ ವಿಮಾನ ನಿಲ್ದಾಣ ಮೇಲೆದ್ದು 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ನಾವು ಊರಿಗೆ ಬೇಗ ತಲುಪುವ ದಿನ ಬಂದಿತೆಂದು ಸಂತೋಷಪಡುತ್ತೇವೆ, ಪಡಬೇಕಾದದ್ದೇ. ಅದಕ್ಕಾಗಿ ಹಳ್ಳಿಗಳನ್ನು ಬಿಟ್ಟವರಿದ್ದಾರೆ ಎಂಬುದನ್ನೂ ಅರಿತಿರಬೇಕು.

ಇದರಿಂದ ಮನೆ ಕೊಂಡ ನಾವೆಲ್ಲ ಅಪರಾಧಿಗಳೆಂದು ನಾನು ಹೇಳುತ್ತಿಲ್ಲ. ದುಡಿದು ಕೊಂಡಿದ್ದೇವೆ. ನಾನು ಹೇಳುವುದಿಷ್ಟೇ: ಶಾಸನಗಳನ್ನು ತೋರಿಸಿ ಈ ನೆಲದೊಡನೆ ಸಾವಿರ ವರ್ಷದ ನಂಟನ್ನು ಹೇಳಿಕೊಳ್ಳುವ ನಾವು, ಐವತ್ತು ವರ್ಷದ ಹಿಂದಿನ ನಂಟನ್ನು ತಿಳಿಯದಿದ್ದರೆ, ಆ ಬುರುಜಿನ ಕಾವಲುಗಾರರಂತೆ ಮೇಲಿನಿಂದ ನೋಡಿ ಹೋಗುವವರಾಗುತ್ತೇವೆ. ಸಿದ್ದಿಗಳನ್ನೇ ನೋಡಿ. ಆಫ್ರಿಕಾದಿಂದ ಬಂದವರ ಪೀಳಿಗೆಯವರು ಇಂದು ನಮ್ಮ ಯಲ್ಲಾಪುರ, ಹಳಿಯಾಳಗಳಲ್ಲಿ ಆ ನೆಲದ ಮಕ್ಕಳೇ ಆಗಿದ್ದಾರೆ. ಅವರನ್ನು ಆ ನೆಲದವರನ್ನಾಗಿ ಮಾಡಿದ್ದು ಜಂಜೀರಾದ ಕೋಟೆಯಲ್ಲ. ಅಲ್ಲಿಯ ಕಾಡಿನಲ್ಲಿ, ಹೊಲದಲ್ಲಿ ದುಡಿದ ಬದುಕು.

ಆದುದರಿಂದ ನನ್ನದೊಂದು ಸಣ್ಣ ಸೂಚನೆ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಕರ್ನಾಟಕ ದರ್ಶನಕ್ಕೆ ಬಸ್ಸು ಮಾಡುವಂತೆ, ವರ್ಷಕ್ಕೊಮ್ಮೆ ಇಲ್ಲಿಯ ಒಂದು ಗಾವಠಾಣಕ್ಕೆ ಮಕ್ಕಳನ್ನು ಕರೆದೊಯ್ಯಲಿ. ಅಲ್ಲಿಯ ಹಿರಿಯರ ಮಾತನ್ನು ಮರಾಠಿಯಲ್ಲಿಯೇ ಕೇಳಿ, ಕನ್ನಡದಲ್ಲಿ ಬರೆದು, ನಮ್ಮ ಈ ತ್ರೈಮಾಸಿಕದಲ್ಲಿ ಪ್ರಕಟಿಸಲಿ. ಹೊರನಾಡ ಕನ್ನಡ ಪತ್ರಿಕೆಗೆ ಇದಕ್ಕಿಂತ ಹೊಂದುವ ಕೆಲಸ ಯಾವುದಿದೆ?

ಆ ಯಜಮಾನರ ಮನೆಗೆ ಮುಂದಿನ ವರ್ಷ ನಾನೊಬ್ಬನೇ ಹೋದೆ. ಕುಚ್ಚಲಕ್ಕಿ, ಒಣಮೀನು ಒಯ್ದಿದ್ದೆ. ಪಣಂಬೂರಿನ ಕಥೆಯನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಹಾಗಾದರೆ ನಿಮಗೆ ಗೊತ್ತಿದೆ” ಎಂದರು. ಮುಂದಿನ ಸಲ ಬರುವುದಾದರೆ ಬೆಳಿಗ್ಗೆ ಆರಕ್ಕೇ ಬನ್ನಿ, ಬಿಸಿಲೇರುವ ಮೊದಲು ತಾವೇ ದಾರಿ ತೋರಿಸುವುದಾಗಿ ಹೇಳಿದರು.