ಮನೆಯೊಳಗಿನ ದುಡಿಮೆಗೂ ಕಟ್ಟಳೆ ಬೇಕು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಒಂದು ಕಾಲಕ್ಕೆ ಗಿರಣಿಯ ಮಾತು ನಡೆಯುತ್ತಿತ್ತು. ಈಗ ಹೋಟೆಲಿನ ಮಾತು, ಕಟ್ಟಡ ಕೆಲಸದ ಮಾತು ನಡೆಯುತ್ತದೆ. ಅನ್ಯರ ಮನೆಯಲ್ಲೇ ಉಳಿದು ಹಗಲಿರುಳು ದುಡಿಯುವವರ ಮಾತು ಬರುವುದು ಮಾತ್ರ ಅಪರೂಪ. ಆ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಕೊಟ್ಟಿದ್ದೀರಿ. ಇಲ್ಲಿ ಕೆಲಸದವರನ್ನು ಮನೆಯಲ್ಲಿ ಇರಿಸಿಕೊಂಡವರೂ ಇದ್ದೀರಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು, ಮನೆಯ ಹೆಣ್ಣುಮಕ್ಕಳನ್ನು ಪರರ ಮನೆಗೆಲಸಕ್ಕೆ ಕಳಿಸುವವರೂ ಇದ್ದೀರಿ. ಇಬ್ಬರಿಗೂ ಸಲ್ಲುವಂತೆ ಮಾತಾಡಲು ಯತ್ನಿಸುತ್ತೇನೆ.

ಮೊದಲು ನನ್ನ ಕತೆ. 1968ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿ, ಕುಂದಾಪುರದ ಕಡೆಯಿಂದ ಈ ಊರಿಗೆ ಬಂದೆ. ಕೋಟೆ ವಿಭಾಗದ ಹೋಟೆಲೊಂದರಲ್ಲಿ ಲೋಟ ತೊಳೆಯುವ ಕೆಲಸ. ಊಟ ಅಲ್ಲೇ, ರಾತ್ರಿ ಬೆಂಚಿನ ಮೇಲೆ ನಿದ್ದೆ. ಅದು ಮಕ್ಕಳು ಮಾಡುವ ಕೆಲಸವಲ್ಲ. ಇಂದು ಹಾಗೆ ಇರಿಸಿಕೊಂಡರೆ ಅಪರಾಧ. ಆದರೆ ಆ ಧಣಿಗಳು ಒಂದು ಮಾತು ಕೊಟ್ಟಿದ್ದರು: ಸಂಜೆ ಏಳಕ್ಕೆ ಹುಡುಗರು ಕನ್ನಡ ರಾತ್ರಿಶಾಲೆಗೆ ಹೋಗಬೇಕು. ಗಿರಾಕಿ ಎಷ್ಟೇ ಇರಲಿ, ಏಳು ಹೊಡೆದರೆ ನಾವು ಹೊರಗೆ. ಆ ಒಂದು ಕಟ್ಟಳೆಯಿಂದ ನಾನು ನಾಲ್ಕಕ್ಷರ ಕಲಿತೆ. ಮುಂಬಯಿಯ ಎಷ್ಟೋ ಕನ್ನಡಿಗರು ಹೀಗೆಯೇ ಮೇಲೆ ಬಂದವರು. ಧಣಿಗಳು ಒಳ್ಳೆಯವರಿದ್ದರು ನಿಜ. ಆದರೆ ಅವರ ಒಳ್ಳೆಯತನ ಗಡಿಯಾರದ ಮುಳ್ಳಿನ ಮೇಲೆ ನಿಂತಿತ್ತು. ಆದ್ದರಿಂದಲೇ ಅದು ನಮ್ಮ ಪಾಲಿಗೆ ದಕ್ಕಿತು.

ಇಷ್ಟು ಉಂಡು ಬಂದ ನಾನು ನನ್ನ ಮನೆಯಲ್ಲೇ ಎಡವಿದೆ. ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿ ಹಾಸಿಗೆ ಹಿಡಿದಾಗ, ಝಾರ್ಖಂಡದ ಖೂಂಟಿ ಜಿಲ್ಲೆಯ ಇಪ್ಪತ್ತೆರಡರ ಹುಡುಗಿಯೊಬ್ಬಳು ನಮ್ಮಲ್ಲಿ ಉಳಿದು ಕೆಲಸ ಮಾಡಲು ಬಂದಳು. ಅವಳ ಮನೆಮಾತು ಮುಂಡಾರಿ, ನಮ್ಮದು ಕನ್ನಡ. ನಡುವೆ ಇಬ್ಬರದೂ ಹರಕು ಹಿಂದಿ. “ನೀನು ಮನೆಮಗಳ ಹಾಗೆ ಇರು” ಎಂದೆವು. ಎಲ್ಲ ಹೇಳಿದಂತಾಯಿತೆಂದು ತಿಳಿದೆವು.

ತಿಂಗಳ ಮೇಲೆ ಒಂದು ರಾತ್ರಿ ಹನ್ನೊಂದೂವರೆಗೆ ನೀರು ಕುಡಿಯಲೆಂದು ಎದ್ದೆ. ಅಡುಗೆಮನೆಯ ಮೂಲೆಯಲ್ಲಿ, ದೀಪ ಹಾಕದೆ, ಅವಳು ತಣ್ಣನೆಯ ಅನ್ನ ಉಣ್ಣುತ್ತಿದ್ದಳು. ಮರುದಿನ ಅವಳ ಊರಿನವಳೊಬ್ಬಳನ್ನು ಕರೆಸಿ ಕೇಳಿಸಿದೆ. ಉತ್ತರ ಸರಳವಾಗಿತ್ತು: “ಯಾವಾಗ ಉಣ್ಣಬೇಕೆಂದು ಯಾರೂ ಹೇಳಲಿಲ್ಲ. ಎಲ್ಲರೂ ಮಲಗಿದ ಮೇಲೆ ಎಂದುಕೊಂಡೆ.” ಭಾನುವಾರ ಚರ್ಚಿಗೆ ಹೋಗಬೇಕೆಂಬ ಆಸೆಯನ್ನೂ ಬಾಯಿಬಿಟ್ಟಿರಲಿಲ್ಲ. ಮನೆಮಗಳಾಗಿದ್ದರೆ ಹಸಿವಾದಾಗ ಕೇಳುತ್ತಿದ್ದಳು, ಬೇಡವಾದದ್ದಕ್ಕೆ ಮುನಿಸಿಕೊಳ್ಳುತ್ತಿದ್ದಳು. ಇವಳಿಗೆ ಆ ಸಲಿಗೆ ಎಲ್ಲಿಂದ ಬರಬೇಕು? ನಾವು ಕೊಟ್ಟದ್ದು ಬರಿಯ ಮಾತು.

ಬಂಧುಗಳೆ, ಹಿಂದೆ ಈ ಊರಿನ ದೊಡ್ಡ ಮನೆಗಳಲ್ಲಿ ರತ್ನಾಗಿರಿ ಕಡೆಯ ಗಂಡಾಳುಗಳು ಇರುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಏನೇ ಇರಲಿ, ಎಲ್ಲರನ್ನೂ ‘ರಾಮಾ’ ಎಂದೇ ಕರೆಯುವ ರೂಢಿಯಿತ್ತು. ಇಂದು ಝಾರ್ಖಂಡ, ಬಂಗಾಳ, ನೇಪಾಳದ ಹೆಣ್ಣುಮಕ್ಕಳು ಬರುತ್ತಾರೆ. ಭಾಷೆ ಬೇರೆ, ಊಟ ಬೇರೆ, ಹಬ್ಬ ಬೇರೆ. ಹೇಳದೆ ತಿಳಿಯುವುದೆಂಬುದು ಇಲ್ಲಿ ನಡೆಯದು. ಅನುಭವದಿಂದ ನಮ್ಮ ಮನೆಯಲ್ಲಿ ಮಾಡಿಕೊಂಡ ಕಟ್ಟಳೆಗಳನ್ನು ತಮ್ಮ ಮುಂದಿಡುತ್ತೇನೆ.

ಒಂದು: ಅವಳನ್ನು ಅವಳ ಹೆಸರಿನಿಂದಲೇ ಕರೆಯಬೇಕು.

ಎರಡು: ಕೆಲಸ ಎಷ್ಟು ಗಂಟೆಗೆ ಆರಂಭ, ಎಷ್ಟಕ್ಕೆ ಮುಕ್ತಾಯ, ಊಟ ಯಾವಾಗ, ಇವು ಮೊದಲ ದಿನವೇ ಗೊತ್ತಾಗಬೇಕು. ರೋಗಿಗಾಗಿ ರಾತ್ರಿ ಎದ್ದರೆ ಹಗಲು ಅಷ್ಟು ಹೊತ್ತು ನಿದ್ದೆಗೆ ಬಿಡಬೇಕು.

ಮೂರು: ಒಳಗಿನಿಂದ ಚಿಲಕ ಹಾಕಿ ಮಲಗುವ ಜಾಗ, ಅವಳದೇ ಬೀಗದ ಪೆಟ್ಟಿಗೆ. ಒಂದೇ ಕೋಣೆಯ ಮನೆಯಲ್ಲಿ ಇದು ಆಗದೆಂದರೆ ಹಗಲು ಬಂದು ಹೋಗುವವರನ್ನು ಇಟ್ಟುಕೊಳ್ಳಿ. ಹೊರಗೆ ಹೋಗುವಾಗ ಅವಳನ್ನು ಒಳಗಿಟ್ಟು ಬೀಗ ಹಾಕಬೇಡಿ. ಬೆಂಕಿ ಬಿದ್ದರೆ ಗತಿಯೇನು?

ನಾಲ್ಕು: ನಾವು ಉಂಡದ್ದೇ ಅವಳಿಗೂ, ಹೊಟ್ಟೆ ತುಂಬ. ಮನೆಯಲ್ಲಿ ಮೀನು ಮಾಂಸ ಸಲ್ಲದಿದ್ದರೆ ಅದನ್ನು ಕೆಲಸಕ್ಕೆ ಒಪ್ಪುವ ಮೊದಲೇ ಹೇಳಬೇಕು.

ಐದು: ವಾರಕ್ಕೊಂದು ಪೂರ್ತಿ ದಿನ ರಜೆ, ಆ ದಿನ ಎಲ್ಲಿಗೆ ಹೋದರೂ ಅವಳ ಇಷ್ಟ.

ಆರು: ಸಂಬಳ ಗೊತ್ತಾದ ತಾರೀಖಿಗೆ ಅವಳ ಕೈಗೆ ಅಥವಾ ಅವಳ ಖಾತೆಗೆ, ದಲ್ಲಾಳಿಯ ಕೈಗೆ ಬೇಡ. ಆಧಾರ್ ಚೀಟಿ ಅವಳ ಬಳಿಯೇ ಇರಲಿ, ನಕಲು ಸಾಕು. ಒಡೆದ ಲೋಟದ ಬೆಲೆ ಮುರಿದುಕೊಳ್ಳಬೇಡಿ.

ಅವಳ ಕಡೆಯಿಂದಲೂ ಕಟ್ಟಳೆಯುಂಟು. ಕೇಳದೆ ಹೊರಗಿನವರನ್ನು ಒಳಗೆ ಬಿಡಬಾರದು, ಗ್ಯಾಸ್ ಆರಿಸದೆ ಮಲಗಬಾರದು, ಕೆಲಸ ಬಿಡುವುದಿದ್ದರೆ ಮುಂಚೆ ತಿಳಿಸಬೇಕು. ಇದೆಲ್ಲವನ್ನೂ ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ, ಅವಳ ಮಾತನ್ನೂ ಕೇಳಿ, ಆಮೇಲೆ ಬರೆಯಬೇಕು.

ಇದು ನನ್ನೊಬ್ಬನ ಹಟವೆಂದು ತಿಳಿಯಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆ, ವಾರದಲ್ಲಿ ಎಡೆಬಿಡದೆ 24 ಗಂಟೆ ವಿಶ್ರಾಂತಿ ಕೊಡಬೇಕು, ಗುರುತಿನ ಕಾಗದ ಕೆಲಸದವರ ಬಳಿಯೇ ಇರಬೇಕು ಎನ್ನುತ್ತದೆ. ಭಾರತ ಅದಕ್ಕೆ ಇನ್ನೂ ಒಪ್ಪಿಗೆಯ ಮುದ್ರೆ ಒತ್ತಿಲ್ಲ. ಆದರೆ ಹದಿನಾಲ್ಕರ ಒಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇರಿಸಿಕೊಳ್ಳುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯದೆ ಮನೆಯನ್ನೂ ಕೆಲಸದ ಸ್ಥಳವೆಂದು ಎಣಿಸುತ್ತದೆ. ಮಹಾರಾಷ್ಟ್ರ 2008ರಲ್ಲಿಯೇ ಮನೆಗೆಲಸದವರ ಕಲ್ಯಾಣ ಮಂಡಳಿಗೆಂದು ಕಾಯದೆ ಮಾಡಿತು. ಪ್ರತ್ಯೇಕ ಕಾಯದೆಯ ವಿಚಾರ ಪರಿಶೀಲಿಸಲು ಸಮಿತಿ ರಚಿಸಬೇಕೆಂದು ಸುಪ್ರೀಂ ಕೋರ್ಟು 2025ರ ಜನವರಿ 29ರಂದು ಕೇಂದ್ರಕ್ಕೆ ಹೇಳಿತು. ಕಾಯದೆ ಬರುವವರೆಗೆ ನಮ್ಮ ಹೊಸ್ತಿಲೊಳಗಿನ ನ್ಯಾಯ ಕಾಯಬೇಕೆ?

ನನ್ನ ವಿನಂತಿ ಇಷ್ಟೆ. ಈ ಕಟ್ಟಳೆಗಳನ್ನು ಕನ್ನಡ, ಮರಾಠಿ, ಹಿಂದಿಯಲ್ಲಿ ಒಂದು ಹಾಳೆಯ ಮೇಲೆ ಅಚ್ಚುಹಾಕಿಸಿ ಸಂಘ ಹಂಚಲಿ. ಮಗಳನ್ನು ಕೆಲಸಕ್ಕೆ ಕಳಿಸುವ ತಾಯಿ ಅದನ್ನು ಕೈಯಲ್ಲಿ ಹಿಡಿದು ಹೋಗಲಿ. ಕೆಲಸದವರನ್ನು ಇರಿಸಿಕೊಂಡವರು ಇಂದು ರಾತ್ರಿ ಮನೆಗೆ ಹೋದೊಡನೆ ಒಂದೇ ಒಂದು ಪ್ರಶ್ನೆ ಕೇಳಲಿ: “ನಿನ್ನ ಊಟವಾಯಿತೇನಮ್ಮ? ದಿನಾ ಎಷ್ಟು ಗಂಟೆಗೆ ಉಣ್ಣುತ್ತೀ?”