ಹೊಳೆಮತ್ತಿಯ ಗುರುತು ಹಿಡಿಯೋಣ ಬನ್ನಿ

ಮಕ್ಕಳೇ, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ಹೋಗಿದ್ದೀರಾ? ಅಲ್ಲಿ ಕಾವೇರಿಯ ದಡದುದ್ದಕ್ಕೂ ದಪ್ಪ ಬೊಡ್ಡೆಯ, ನೀರಿನತ್ತ ಕೊಂಬೆ ಚಾಚಿದ ದೊಡ್ಡ ದೊಡ್ಡ ಮರಗಳಿವೆ. ಅವೇ ಹೊಳೆಮತ್ತಿ. ತೊರೆಮತ್ತಿ ಎಂದೂ ಕರೆಯುತ್ತಾರೆ. ವಿಜ್ಞಾನಿಗಳು ಇಟ್ಟ ಹೆಸರು ಟರ್ಮಿನೇಲಿಯ ಅರ್ಜುನ.

ಮರದ ಗುರುತು ಹಿಡಿಯಲು ಹೂ ಬಿಡುವವರೆಗೆ ಕಾಯಬೇಕಿಲ್ಲ. ತೊಗಟೆಯನ್ನು ನೋಡಿ. ಬೂದು ಬಿಳುಪು, ಅಲ್ಲಲ್ಲಿ ನಸುಗೆಂಪು, ಮುಟ್ಟಿದರೆ ನುಣುಪು. ಹಳೆಯ ತೊಗಟೆ ತೆಳುವಾಗಿ ಸುಲಿದು ಬೀಳುತ್ತಿರುತ್ತದೆ. ಇದರ ಹತ್ತಿರದ ನೆಂಟ ಕರಿಮತ್ತಿ ಗುಡ್ಡದ ಒಣ ಕಾಡಿನಲ್ಲಿ ಬೆಳೆಯುತ್ತದೆ. ಅದರ ತೊಗಟೆ ಕಪ್ಪು, ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಬಿರಿದಿರುತ್ತದೆ. ತೊಗಟೆಯೊಂದನ್ನೇ ನೋಡಿ ಇವೆರಡನ್ನೂ ಬೇರೆ ಮಾಡಬಹುದು.

ಇನ್ನೂ ಅನುಮಾನವೇ? ಕೆಳಗೆ ಬಿದ್ದ ಎಲೆಯೊಂದನ್ನು ಎತ್ತಿಕೊಳ್ಳಿ. ತೊಟ್ಟು ಎಲೆಯನ್ನು ಸೇರುವ ಕಡೆ ಎರಡು ಸಣ್ಣ ಗಂಟುಗಳು ಕಾಣುತ್ತವೆ. ಅವು ಗ್ರಂಥಿಗಳು. ಬುಡದಲ್ಲಿ ಕಾಯಿಯನ್ನೂ ಹುಡುಕಿ: ಗಟ್ಟಿಯಾದ ಕಂದು ಕಾಯಿ, ಉದ್ದಕ್ಕೂ ಐದು ರೆಕ್ಕೆ. ಹೊಳೆಗೆ ಬಿದ್ದ ಕಾಯಿ ತೇಲಿ ಹೋಗಿ ಬೇರೆ ದಡದಲ್ಲಿ ಮೊಳೆಯಬಲ್ಲದು. ಏಪ್ರಿಲ್, ಮೇ ಹೊತ್ತಿಗೆ ಹೋದರೆ ಎಲೆಗಳ ನಡುವೆ ತೆನೆಯಾಗಿ ನಿಂತ ತಿಳಿಹಳದಿ ಹೂಗಳೂ ಸಿಗುತ್ತವೆ. ಅವಕ್ಕೆ ಎಸಳುಗಳೇ ಇಲ್ಲ!

ಈ ಮರ ಇಲ್ಲಿ ಮಾಡುವ ಕೆಲಸ ದೊಡ್ಡದು. ಪ್ರವಾಹ ಬಂದಾಗ ಇದರ ಬೇರುಗಳು ದಡದ ಮಣ್ಣನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮುತ್ತತ್ತಿಯ ಸುತ್ತಲಿನ ಕಾಡು 1987ರಲ್ಲಿ ಕಾವೇರಿ ವನ್ಯಜೀವಿಧಾಮವಾಯಿತು. ಅಲ್ಲಿ ಬೂದು ಬಣ್ಣದ ದೊಡ್ಡ ಅಳಿಲೊಂದಿದೆ; ದಕ್ಷಿಣ ಭಾರತದ ಕೆಲವೇ ಕಾಡುಗಳನ್ನೂ ಶ್ರೀಲಂಕಾವನ್ನೂ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಒಂದಕ್ಕೊಂದು ತಾಗಿದ ಹೊಳೆಮತ್ತಿ ಕೊಂಬೆಗಳಲ್ಲಿ ಅದು ಗೂಡು ಕಟ್ಟಿ, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಹಾರುತ್ತದೆ. ನಡುವಿನ ಒಂದು ಮರ ಉರುಳಿದರೂ ಅದರ ದಾರಿ ಕಡಿದಂತೆಯೇ.

ಔಷಧಿಗೆಂದು ಇದರ ತೊಗಟೆ ಕೆತ್ತುವವರಿದ್ದಾರೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ಕೆತ್ತಿದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ಆದ್ದರಿಂದ ನೀವು ಬಿದ್ದ ಚೆಕ್ಕೆ, ಎಲೆ, ಕಾಯಿಗಳನ್ನಷ್ಟೇ ಎತ್ತಿ ನೋಡಿ. ಮುತ್ತತ್ತಿಯಲ್ಲಿ ಹೊಳೆ ಮೇಲೆ ಶಾಂತವಾಗಿ ಕಂಡರೂ ಒಳಗೆ ಸುಳಿಗಳಿವೆ. ಹಿರಿಯರ ಜೊತೆಯಲ್ಲೇ ಹೋಗಿ, ನೀರಿಗೆ ಮಾತ್ರ ಇಳಿಯಬೇಡಿ.